ಹುಳದ ಟೀಮಿಗೆ ಗಿಡುಗನ ಅಂಗಿ

ಶಿಡ್ಲಘಟ್ಟ
ಸೋಮವಾರ, ೧೪ ಜುಲೈ ೨೦೨೫

ಮುನೇಶ್ ಅವರಿಗೆ ಪದ್ಮಶ್ರೀಯ ನಮಸ್ಕಾರ.

ನೋಡಿದಿರಾ, ಬರೆದೇಬಿಟ್ಟೆ. ಮದುವೆಯಾದಾಗಿನಿಂದ ಬಾಯಿಗೆ ಬಾರದ ಹೆಸರು ಪೆನ್ನಿಗೆ ಸಲೀಸಾಗಿ ಬಂತು. ಬರುವ ಭಾನುವಾರ ಅಧ್ಯಕ್ಷರನ್ನು ಆರಿಸುವ ಕ್ಲಬ್ಬಿನ ಸಭೆಯಲ್ಲಿ "ಈ ಒಂದ್ಸಲ ನನ್ ಹೆಸ್ರು ಹೇಳ್ಬಿಡು ಪದ್ಮಾ, ನೀನ್ ಹೇಳುದ್ರೆ ಹೆಂಗಸ್ರೆಲ್ಲಾ ಹೇಳ್ತಾರೆ" ಎಂದು ಫೋನಿನಲ್ಲಿ ಕೇಳಿದಿರಲ್ಲ, ಅದಕ್ಕೆ ಇದು ಉತ್ತರ. ಹೆಸರೊಂದೇ ಬೇಕಿದ್ದರೆ ಕಾಗದದ ಮೇಲೆ ಕೊಟ್ಟಿದ್ದೇನೆ, ಇಟ್ಟುಕೊಳ್ಳಿ. ಸಭೆಯಲ್ಲಿ ಸಿಗುವುದಿಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡಿ. ಫೋನಿನಲ್ಲಿ ನನ್ನ ಮಾತನ್ನು ಅರ್ಧಕ್ಕೇ ತುಂಡು ಮಾಡುತ್ತೀರಿ. ವಾಟ್ಸಾಪಿನಲ್ಲಿ ಬರೆದರೆ ನೀಲಿ ಗೀಟು ಬೀಳುತ್ತದೆ, ಉತ್ತರ ಬೀಳುವುದಿಲ್ಲ. ಕಾಗದದ ಮಧ್ಯೆ ಯಾರೂ ಬಾಯಿ ಹಾಕಲಾರರು. ಗೋಲು ಕಾಯುವ ನಮ್ಮ ನಯೀಮ್ ಮೊಣಕಾಲು ತೋರಿಸಲು ಬುಧವಾರ ಬೆಂಗಳೂರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರು ಎಂದು ಹೇಳಿದ್ದೇನೆ. ಅವನು ಸುಲಭಕ್ಕೆ ಬಿಡುವವನಲ್ಲ, ನಿಮಗೇ ಗೊತ್ತು.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ತನುಜಳಿಗೆ ಕಾಲೇಜಿನಲ್ಲಿ ಟೆಸ್ಟು ನಡೆಯುತ್ತಿದೆ. ನಿಮ್ಮ ಜೊತೆ ದಿನಾ ಮಾತಾಡುತ್ತಾಳೆ, ನನ್ನ ಹತ್ತಿರ ಆ ಸುದ್ದಿ ಎತ್ತುವುದಿಲ್ಲ. ಮಗಳು ಜಾಣೆ. ಅತ್ತೆಯವರ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ, ಬಾಯಿ ಮಾತ್ರ ಬಂದಿಲ್ಲ. ನೀವು ಕೊರಿಯರಿನಲ್ಲಿ ಕಳಿಸಿದ ಅಂಗಿಯನ್ನು ಅವರೇ ಬಿಡಿಸಿದರು. ಕಪ್ಪು ಅಂಗಿ, ಎದೆಯ ಮೇಲೆ ರೆಕ್ಕೆ ಬಿಚ್ಚಿದ ಗಿಡುಗ, ಕೆಳಗೆ 'ನಂದಿ ಫಾಲ್ಕನ್ಸ್' ಎಂದು ಇಂಗ್ಲಿಷಿನಲ್ಲಿ. ಗಿಡುಗನಿಗೆ ಅವರು ತೆಲುಗಿನಲ್ಲಿ ಗದ್ದ ಅನ್ನುವುದಲ್ಲವೇ? "ಹುಳಾ ಮೇಯ್ಸೋರ್ ಮನೇಗೆ ಗದ್ದ ತಂದು ಬಿಡ್ತಾನಲ್ಲಮ್ಮಾ ನನ್ ಮಗ, ಇವ್ನಿಗೇನ್ ಬಂತು!" ಎಂದರು. ಆಮೇಲೆ ಅಂಗಿಯನ್ನು ಮಡಿಸಿ ಬೀರುವಿನಲ್ಲಿಟ್ಟರು. ನೀವು ಕಳಿಸಿದ್ದನ್ನು ಬಿಸಾಡಲು ಅವರಿಗೆ ಮನಸ್ಸು ಬರಲಿಲ್ಲ. ಅದೂ ನಿಮಗೆ ತಿಳಿದಿರಲಿ.

ನಿಮಗೆ ಅದು ಹೊಳೆಯಲೇ ಇಲ್ಲವೇ? ಕ್ಲಬ್ಬನ್ನು ಕೊಳ್ಳಲು ಬಂದಿರುವ ನಿಮ್ಮ ಕಂಪನಿಯವರಿಗೆ ಹೊಳೆಯದಿದ್ದರೆ ಅವರ ತಪ್ಪಲ್ಲ, ಅವರು ರೇಷ್ಮೆಯನ್ನು ಅಂಗಡಿಯ ಗಾಜಿನ ಹಿಂದೆ ಮಾತ್ರ ಕಂಡವರು. ನೀವು ಹುಳದ ಮನೆಯಲ್ಲಿ ಹುಟ್ಟಿದವರು. ಒಂದು ಗುಬ್ಬಿ ಒಳಗೆ ಬಂದರೂ ಬೆಳೆ ಹಾಳು ಎಂದು ಕಿಟಕಿ ಕಿಟಕಿಗೆ ಬಲೆ ಕಟ್ಟುವ ಊರಿದು. ನಾಲ್ಕನೇ ಜ್ವರದಲ್ಲಿ ಪೊರೆ ಕಳಚಿ ಎದ್ದ ಹುಳ ಸೊಪ್ಪು ತಿನ್ನುವ ಸದ್ದು ಕೇಳುತ್ತಾ ಮಲಗಿದ ಹುಡುಗ ನೀವು. ಈಗ ಬಂದು, ಹಕ್ಕಿಯನ್ನು ಎದೆಯ ಮೇಲೆ ಕೂರಿಸಿಕೊಳ್ಳಿ, ಅದೇ ನಮ್ಮ ಗುರುತು ಅಂತೀರಲ್ಲ!

ಅಂಗಿಯ ಜೊತೆ ಬಂದ ಕಂಪನಿಯ ಬಣ್ಣದ ಪುಸ್ತಕವನ್ನೂ ಓದಿದೆ. 'ಕ್ಲಬ್ಬಿನ ಚರಿತ್ರೆ' ಎಂದು ಒಂದು ಪುಟ ಇದೆ. ಅದರಲ್ಲಿ ಚರಿತ್ರೆ ಶುರುವಾಗುವುದು ಮುಂದಿನ ವರ್ಷ. ನಕ್ಕು ನಕ್ಕು ಸಾಕಾಯಿತು, ಆಮೇಲೆ ಮೈಯೆಲ್ಲಾ ಉರಿಯಿತು. ನಿಮ್ಮ ಕಂಪನಿಯ ಹುಡುಗ ಹುಡುಗಿಯರಿಗೆ ಗೊತ್ತಿಲ್ಲದಿದ್ದರೆ ನಾನು ಹೇಳುತ್ತೇನೆ, ಅವರಿಗೆ ಓದಿ ಹೇಳಿ.

ರೇಷ್ಮೆ ಗೂಡಿನ ಮಾರ್ಕೆಟ್ಟು ಮುಗಿದ ಮೇಲೆ ಹಿಂದಿನ ಬಯಲಿನಲ್ಲಿ ಚೆಂಡು ಒದೆಯುತ್ತಿದ್ದ, ಗೂಡಿನಿಂದ ನೂಲು ತೆಗೆಯುವ ರೀಲರುಗಳು ಮತ್ತು ಮೂಟೆ ಹೊರುವವರು ಸೇರಿ ಕಟ್ಟಿದ ಟೀಮು ಇದು. ಆಗಿನ ಗೂಡು ಹಳದಿ, ಅದಕ್ಕೇ ಅಂಗಿಯೂ ಹಳದಿ. ಮೊದಲ ಸಲ ಚಿಂತಾಮಣಿಗೆ ಆಡಲು ಹೋದಾಗ ನೂಲು ಬಿಚ್ಚುವ ಕೆಲಸದಿಂದ ನೇರ ಲಾರಿ ಹತ್ತಿದ್ದರು, ಸ್ನಾನಕ್ಕೂ ಪುರುಸೊತ್ತಿರಲಿಲ್ಲ. ಬೇಯಿಸಿದ ಗೂಡಿನ ವಾಸನೆ ಸೋಪಿಗೇ ಬಗ್ಗುವುದಿಲ್ಲ, ಇನ್ನು ಗಾಳಿಗೆ ಬಗ್ಗೀತೇ? ಅಲ್ಲಿಯ ಜನ ಮೂಗು ಮುಚ್ಚಿಕೊಂಡು "ಹುಳ ಬಂದ್ವು, ಹುಳ ಬಂದ್ವು" ಎಂದು ಕೂಗಿದರು. ನಮ್ಮ ಹುಡುಗರು ತಲೆ ತಗ್ಗಿಸಿದರು. ಆಗ ಲಾರಿಯ ಮೇಲೆ ನಿಂತಿದ್ದ ನಿಮ್ಮ ಅಮ್ಮ ಎರಡೂ ಅಂಗೈ ಎತ್ತಿ ಆ ಜನಕ್ಕೆ ತೋರಿಸಿದರು. ದಿನವಿಡೀ ಬಿಸಿನೀರಿನಲ್ಲಿ ಅದ್ದಿ ಬಿಳುಚಿ, ಸುಕ್ಕುಗಟ್ಟಿ, ಅಲ್ಲಲ್ಲಿ ಸುಲಿದ ಕೈ. "ನೋಡ್ರಪ್ಪಾ ನೋಡಿ, ಈ ಕೈ ವಾಸ್ನೇನೇ ನಿಮ್ಮನೆ ಮದ್ವೆ ಸೀರೆ" ಎಂದರು. ಜೊತೆಗೆ ಬಂದಿದ್ದ ಹೆಂಗಸರೆಲ್ಲಾ ಕೈ ಎತ್ತಿದರು. ಮೂಗು ಮುಚ್ಚಿದ್ದ ಕೈಗಳು ಕೆಳಗಿಳಿದವು. ಆ ಪಂದ್ಯ ಸೋತೆವು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಬರುವಾಗ ಲಾರಿಯಲ್ಲಿ ನಮ್ಮವರೇ "ಹುಳ ಬಂದ್ವು" ಎಂದು ಹಾಡು ಕಟ್ಟಿಕೊಂಡು ಬಂದರಂತೆ.

ಅವತ್ತಿನಿಂದ ನಾವು ಹುಳದ ಟೀಮು. ಆಟಕ್ಕೆ ಮುಂಚೆ ಕೈ ಎತ್ತಿ ಅಂಗೈ ತೋರಿಸುವುದು ಅಂದಿನಿಂದ. ಸಭೆಯಲ್ಲಿ ಚೀಟಿ ಹಾಕದೆ ಎದ್ದು ನಿಂತು, ಅಂಗೈ ಎತ್ತಿ, ಯಾರು ಅಧ್ಯಕ್ಷರಾಗಬೇಕೋ ಅವರ ಹೆಸರನ್ನು ಬಾಯಿಬಿಟ್ಟು ಹೇಳುವುದೂ ಅಂದಿನಿಂದಲೇ. ಓದು ಬಾರದ ಹೆಂಗಸರು ತಮ್ಮ ಮಾತನ್ನು ಚೀಟಿಗೆ ಒಪ್ಪಿಸಲು ಒಪ್ಪಲಿಲ್ಲ. ಕಂಪನಿಯವರಿಗೆ ಇದು ತಮಾಷೆಯಾಗಿ ಕಂಡಿತಂತೆ. ತಮಾಷೆಯೇ ಸರಿ, ಆದರೆ ಇದರಲ್ಲಿ ಯಾರೂ ಹಿಂದಿನ ಬಾಗಿಲಿಂದ ಗೆದ್ದಿಲ್ಲ.

ನೀವು ಅಧ್ಯಕ್ಷರಾದ ಮರುದಿನವೇ ಕ್ಲಬ್ಬನ್ನು ಕಂಪನಿಗೆ ಒಪ್ಪಿಸುತ್ತೀರಿ. ಹೆಸರು ಹೋಗುತ್ತದೆ, ಹಳದಿ ಹೋಗುತ್ತದೆ, ಮೈದಾನ ವಿಮಾನ ನಿಲ್ದಾಣದ ಹತ್ತಿರಕ್ಕೆ ಹೋಗುತ್ತದೆ. ಶಿಡ್ಲಘಟ್ಟದ ಜನ ಬಸ್ಸು ಹತ್ತಿ ಹೋಗಿ ತಮ್ಮ ಟೀಮನ್ನು ನೋಡಬೇಕು. ಇದನ್ನು ಮುಚ್ಚಿಟ್ಟಿಲ್ಲ ನೀವು, ಆ ಮಟ್ಟಿಗೆ ಪ್ರಾಮಾಣಿಕರು. ಹುಡುಗರಿಗೆ ತಿಂಗಳು ತಿಂಗಳು ತಪ್ಪದೆ ಸಂಬಳ ಬರುತ್ತದೆ, ಡಾಕ್ಟರ್ ಇರುತ್ತಾರೆ, ಟಿವಿಯಲ್ಲಿ ಕಾಣುತ್ತಾರೆ ಅಂತೀರಿ. ಸುಳ್ಳಲ್ಲ. ನಯೀಮನ ಮೊಣಕಾಲಿಗೆ ಒಳ್ಳೆಯ ಡಾಕ್ಟರ್ ನಮ್ಮಲ್ಲಿದ್ದಿದ್ದರೆ ಅವನು ಬುಧವಾರ ಬಸ್ಸು ಹತ್ತಬೇಕಿರಲಿಲ್ಲ. ಹೋದ ತಿಂಗಳು ಸಂಬಳ ತಡವಾದಾಗ ಟೀಮಿನಲ್ಲಾಡುವ ಮಂಡಿಕಲ್ಲು ಊರಿನ ಹುಡುಗ ಬಂದು ನನ್ನ ಮುಂದೆ ತಲೆ ಕೆರೆದುಕೊಂಡು ನಿಂತಿದ್ದ. ಅವನ ಮುಖ ನೋಡಲಾಗಲಿಲ್ಲ. ನನಗೆ ಹೆದರಿಕೆ ಇಲ್ಲವೆಂದು ತಿಳಿಯಬೇಡಿ. ಕಂಪನಿಯನ್ನು ಬೇಡವೆಂದರೆ ಮುಂದಿನ ವರ್ಷ ಮತ್ತೆ ಕೆಳಗಿನ ಡಿವಿಜನ್ನಿಗೆ ಇಳಿಯಬಹುದು.

ಇಳಿದರೆ ಇಳಿಯೋಣ. ಇಳಿದು ಹತ್ತಿದವರೇ ನಾವು. ಆದರೆ ಊಜಿ ನೊಣ ಕೂತು ಮೊಟ್ಟೆಯಿಟ್ಟ ಹುಳವನ್ನು ನೀವು ನೋಡಿದ್ದೀರಿ. ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಸೊಪ್ಪು ತಿನ್ನುತ್ತದೆ, ಗೂಡೂ ಕಟ್ಟುತ್ತದೆ. ಆಮೇಲೆ ಗೂಡಿಗೆ ತೂತು ಬಿದ್ದು ಒಳಗಿಂದ ಬೇರೆಯದೇ ಹೊರಗೆ ಬರುತ್ತದೆ. ಆ ಗೂಡಿನಿಂದ ಒಂದೆಳೆ ನೂಲೂ ಬರುವುದಿಲ್ಲ. ನಮ್ಮ ಆಟಗಾರರು, ನಮ್ಮ ಜಾಗ, ನಾವು ಈ ವರ್ಷ ಹತ್ತಿದ ಮೆಟ್ಟಿಲು ಅವರಿಗೆ ಬೇಕು. ನಾವು ಬೇಡ. ದುಡ್ಡು ಹಾಕಲಿ, ಬೇಡವೆನ್ನುವವರು ಯಾರು? ಅಂಗಿಯ ತೋಳಿನ ಮೇಲೆ ಎಷ್ಟು ದೊಡ್ಡದಾಗಿ ಬೇಕಾದರೂ ಅವರ ಹೆಸರು ಹಾಕಿಸೋಣ. ಎದೆ ಮಾತ್ರ ನಮ್ಮದು.

ಹುಳ ಎಂದರೆ ಜನ ಅಸಹ್ಯಪಡುತ್ತಾರೆ, ಎಂದು ಹೇಳಿದಿರಿ. ಅದೊಂದು ಮಾತು ನಿಮ್ಮ ಬಾಯಿಂದ ಬರಬಾರದಿತ್ತು. ನಿಮ್ಮ ಮೊದಲ ಬೂಟು ಯಾರ ಕೈಯ ಚರ್ಮ ಸುಲಿದು ಬಂದದ್ದು ಎಂದು ನಾನು ನೆನಪಿಸಬೇಕಾಗಿಲ್ಲ. ಅತ್ತೆಗೆ ಆ ಮಾತನ್ನು ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಇನ್ನು ನಮ್ಮಿಬ್ಬರ ವಿಷಯ. ಇದನ್ನು ಬರೆಯದೆ ಮುಗಿಸಬಹುದಿತ್ತು, ಆದರೆ ನಯೀಮ್ ಎದುರಿಗೆ ಕೂತಿರುವಾಗ ನೀವು ಕಾಗದ ಹರಿಯಲಾರಿರಿ, ಅದಕ್ಕೆ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಟೀಮು ಕೆಳಗಿಳಿದಾಗ ಕಮಿಟಿಯವರು ನಿಮ್ಮನ್ನು ಕೋಚ್ ಕೆಲಸದಿಂದ ತೆಗೆದರು. ಅದು ಅನ್ಯಾಯ. ಕಮಿಟಿಯಲ್ಲಿದ್ದ, ಮೊದಲ ಟೀಮಿನ ಬ್ಯಾಕ್ ಆಟಗಾರರೆಂದು ಊರೆಲ್ಲಾ ಗೌರವಿಸುವ ತಾಜ್ ಪಾಷಾ ಅವರ ಮುಖಕ್ಕೇ ನಾನು ಅದನ್ನು ಹೇಳಿದೆ. ಅವರು "ತಪ್ಪಾಯ್ತಮ್ಮಾ" ಎಂದು ಒಪ್ಪಿಕೊಂಡದ್ದನ್ನು ನೀವು ಕೇಳಿಸಿಕೊಳ್ಳಲಿಲ್ಲ, ಅಷ್ಟರಲ್ಲಿ ಬ್ಯಾಗು ತುಂಬುತ್ತಿದ್ದಿರಿ. ಮುಂದಿನ ಪಂದ್ಯಕ್ಕೆ ನಾನು ಯಥಾಪ್ರಕಾರ ಗ್ಯಾಲರಿಗೆ ಹೋದೆ. ಅದೇ ನನ್ನ ಅಪರಾಧವಾಯಿತು. ಗಂಡನನ್ನು ಹೊರಗೆ ಹಾಕಿದವರ ಆಟಕ್ಕೆ ಕೈ ಎತ್ತುತ್ತಾಳೆ, ಎಂದು ನಿಮ್ಮ ಬೇಸರ. ಕ್ಲಬ್ ಬೇಕಾ ನಾನು ಬೇಕಾ ಎಂದು ಕೇಳಿದಿರಿ. ನನಗೆ ಎರಡೂ ಬೇಕು ಎಂದೆ. ಎರಡರಲ್ಲಿ ಒಂದನ್ನು ಆರಿಸಲು ನಾನೇನು ಸಂತೆಗೆ ಬಂದಿದ್ದೆನೇ?

ನಾನು ಗ್ಯಾಲರಿಗೆ ಹತ್ತಿದ್ದೇ ನಿಮ್ಮಿಂದ. ನೀವು ಒಂಬತ್ತನೇ ನಂಬರಿನಲ್ಲಿ ಆಡುವಾಗ ಊರೆಲ್ಲಾ ನಿಮ್ಮ ಹೆಸರು ಹಿಡಿದು ಕೂಗುತ್ತಿತ್ತು, ಹೊಸ ಸೊಸೆ ನಾನೊಬ್ಬಳೇ "ಒಂಬತ್ತೂ, ಒಂಬತ್ತೂ" ಎಂದು ಅರಚುತ್ತಿದ್ದೆ. ಗಂಡನ ಹೆಸರು ಹೇಳಬಾರದು ಎಂದು ಅತ್ತೆ ಒತ್ತಾಯ ಮಾಡಿದವರಲ್ಲ. ನನ್ನ ಅಮ್ಮನಿಂದ ಬಂದ ರೂಢಿ, ಆಮೇಲೆ ಅದೇ ಮುದ್ದಾಯಿತು. ಎಲ್ಲರೂ ಕೂಗುವ ಹೆಸರನ್ನು ನಾನು ಒಬ್ಬಳೇ ಒಳಗೆ ಇಟ್ಟುಕೊಂಡಿದ್ದೇನೆ ಎಂದು ಜಂಬ ಪಡುತ್ತಿದ್ದೆ. ಅಷ್ಟು ಜೋಪಾನ ಮಾಡಿದ್ದನ್ನು ಕಂಪನಿಯ ಪರವಾಗಿ ಸಭೆಯಲ್ಲಿ ಎತ್ತಿ ಕೊಡು ಅಂತೀರಿ. ಕೋಪ ಬರಲಿಲ್ಲ ನನಗೆ, ಅಳು ಬಂತು. ಆಮೇಲೆ ಕೋಪವೂ ಬಂತು.

ಈ ಎರಡು ವರ್ಷ ನೀವಿಲ್ಲದ ಮನೆ ನನಗೆ ರುಚಿಸಿಲ್ಲ. ಇದನ್ನು ಹೇಳಲು ನನಗೆ ನಾಚಿಕೆಯೂ ಇಲ್ಲ. ನೀವು ಮನೆಗೆ ಬನ್ನಿ, ಯಾವತ್ತು ಬೇಕಾದರೂ ಬನ್ನಿ, ಬಾಗಿಲಿಗೆ ಚಿಲಕ ಹಾಕಿಲ್ಲ. ಆದರೆ ಕ್ಲಬ್ಬನ್ನು ಹೊತ್ತುಕೊಂಡು ಹೋಗಲು ಬರುವುದಾದರೆ ನಾನು ಬಾಗಿಲಲ್ಲೇ ನಿಲ್ಲುತ್ತೇನೆ. ಇವೆರಡನ್ನೂ ಒಂದೇ ಬಾಯಲ್ಲಿ ಹೇಳುತ್ತಿದ್ದೇನೆ, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ.

ಅಧ್ಯಕ್ಷಗಿರಿಗೆ ನನ್ನ ಎದುರಿಗೆ ಯಾರೋ ನಿಂತಿದ್ದಾರಂತೆ, ಒಳ್ಳೆ ಮಾತಿನಲ್ಲಿ ಸಮಾಧಾನ ಮಾಡಿ ಕೂರಿಸು, ನಿನ್ನ ಮಾತು ಎಲ್ಲರೂ ಕೇಳುತ್ತಾರೆ ಎಂದೂ ಹೇಳಿದ್ದಿರಿ. ವಿಚಾರಿಸಿದೆ. ಸ್ವಲ್ಪ ಹಟದ ಆಸಾಮಿ ಎಂದು ತಿಳಿಯಿತು. ನನ್ನ ಕೈಲಾದ ಪ್ರಯತ್ನ ಮಾಡುತ್ತೇನೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಗೌರಿಬಿದನೂರಿನ ಸದಸ್ಯರು, ಚಿಕ್ಕಬಳ್ಳಾಪುರದವರು ಎಲ್ಲರೂ ಬರುತ್ತಿದ್ದಾರೆ. ಚಿಂತಾಮಣಿಯಿಂದ ಒಂದು ವ್ಯಾನು ತುಂಬ ಜನ ಸುಮ್ಮನೆ ನೋಡಲು ಬರುತ್ತಾರಂತೆ. ಹುಳದ ಟೀಮು ಇಲ್ಲದೆ ನಾವು ಯಾರನ್ನು ಬೈಯೋದು ಎಂದು ಅವರಿಗೂ ಚಿಂತೆ ಹತ್ತಿದೆ. ಕಂಪನಿಯ ಕಾರಿನಲ್ಲಿ ಬರಬೇಡಿ, ಬಸ್ಸಿನಲ್ಲಿ ಬನ್ನಿ. ಸ್ಟ್ಯಾಂಡಿನಲ್ಲಿ ಇಳಿದು ನಡೆದು ಬಂದರೆ ಜನ ಮಾತಾಡಿಸುತ್ತಾರೆ. ಊಟಕ್ಕೆ ಮನೆಗೇ ಬನ್ನಿ, ಗೆದ್ದರೂ ಸೋತರೂ. ಅತ್ತೆ ಅವರೆಬೇಳೆ ಹುಳಿ ಮಾಡಿಸಲು ಈಗಲೇ ಯೋಚನೆ ಮಾಡುತ್ತಿದ್ದಾರೆ. ಇದು ಅವರೆ ಕಾಲವಲ್ಲ ಎಂದರೆ ಒಣ ಬೇಳೆ ಇದೆಯಲ್ಲ ಅಂತಾರೆ.

ನಿಮ್ಮ ಹೆಸರು ಹೇಳದೆಯೂ ನಿಮ್ಮವಳಾಗಿದ್ದವಳು, ಇವತ್ತಿಗೂ ಆಗಿರುವವಳು,
ಪದ್ಮಶ್ರೀ

ತಾ.ಕ.: ನಿಮ್ಮ ಎದುರಾಳಿಯನ್ನು ಕೂರಿಸಲು ಪ್ರಯತ್ನಿಸಿದೆ, ಒಪ್ಪುತ್ತಿಲ್ಲ. ನಾನೇ ನಿಂತಿದ್ದೇನೆ. ಸೂಚಿಸಿದವರು ನಿಮ್ಮ ತಾಯಿ ಗಂಗುಲಮ್ಮ, ಅನುಮೋದಿಸಿದವರು ತಾಜ್ ಪಾಷಾ. ನಿಂತವರು ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುವಂತಿಲ್ಲ, ನಮ್ಮ ಸಭೆಯ ಪದ್ಧತಿ ನಿಮಗೆ ಗೊತ್ತು. ಹಾಗಾಗಿ ಸರದಿ ಬಂದಾಗ ನಾನು ಸುಮ್ಮನೆ ಕೂತಿರುತ್ತೇನೆ. ನೀವೂ ಹಾಗೆ ಕೂರಲೇಬೇಕು ಎಂದೇನಿಲ್ಲ. ಎದ್ದು ನಿಂತು, ಅಂಗೈ ಎತ್ತಿ, ನನ್ನ ಹೆಸರು ಹೇಳಬಹುದು. ಗಂಡಸರು ಹೆಂಡತಿಯ ಹೆಸರು ಹೇಳಲು ನಮ್ಮ ಕಡೆ ಯಾವ ಅಡ್ಡಿಯೂ ಇಲ್ಲ.