ಗಿಟಾರು ಬರುವ ಜಾಗ

ಶಿಗ್ಗಾಂವ
೧೨ ಡಿಸೆಂಬರ್ ೧೯೮೬

ಪ್ರೀತಿಯ ಶಾರವ್ವಗೆ,

“ಹಸರ ಬಳಿ ಕೈಯಾಕಿ, ಹೊತ್ತೇರಿ ಬಂತಲ್ಲ…” ಆಮೇಲೇನು? ನೇರವಾಗಿ “ಏಳ” ಎಂದು ಸಾಲು ಮುಗಿಯುತ್ತಿತ್ತೇ, ಅಥವಾ ಅದಕ್ಕೆ ಮೊದಲು ಇನ್ನೊಂದು ಮಾತಿತ್ತೇ? ನಿನ್ನ ಕ್ಯಾಸೆಟ್ಟಿನಲ್ಲಿ ಅಲ್ಲಿ ಮಾತಿಲ್ಲ, ಗಿಟಾರಿದೆ. ಅದಾದ ಮೇಲೆ “ಏಳ” ಬರುತ್ತದೆ. ಇಷ್ಟು ವರ್ಷ ಕವಿತೆ ಓದಿದವಳು, ಹುಡುಗರಿಗೆ ಕವಿತೆ ಕಲಿಸಿ ಸಂಬಳ ತೆಗೆದುಕೊಳ್ಳುವವಳು ನಾನು. ನಮ್ಮ ಮನೆಯ ಒಂದು ಸಾಲು ಪೂರ್ತಿ ನೆನಪಾಗದೆ ಒದ್ದಾಡುತ್ತಿದ್ದೇನೆ.

ನಿನ್ನ ಪತ್ರ, ಕ್ಯಾಸೆಟ್ಟು ಎರಡೂ ಒಂದೇ ಪೊಟ್ಟಣದಲ್ಲಿ ಬಂದವು. ಬಹಳ ದಿನದ ಮೇಲೆ ಬಂದ ಪತ್ರದಲ್ಲಿ ಎರಡೇ ವಿಷಯ. “ನೀಲಿ ಗಿರಣಿ” ಎಂಬ ನಿನ್ನ ಮೊದಲ ಕ್ಯಾಸೆಟ್ಟಿನ ಬಗ್ಗೆ ನಮ್ಮ ಕಡೆಯ ಜನ ಏನನ್ನುತ್ತಾರೆ ಎಂದು ಮುಚ್ಚುಮರೆಯಿಲ್ಲದೆ ಬರೆಯಬೇಕು. ಮತ್ತೆ, ಸಂಕ್ರಾಂತಿ ಕಳೆದ ಮೇಲೆ ನಿನ್ನ ತಂಡ ಇಲ್ಲಿ ಕಾರ್ಯಕ್ರಮ ಕೊಡುವಾಗ ನಿನ್ನ ಆಯಿಯನ್ನು, ಅಂದರೆ ನನ್ನ ಅವ್ವನನ್ನು, ವೇದಿಕೆಯ ಮೇಲೆ ಬೀಸುಕಲ್ಲಿನ ಮುಂದೆ ಕೂರಿಸಿ, ಆ ಸಾಲಿರುವ ಮೂರನೆಯ ಹಾಡನ್ನು ಹಾಡಿಸಬೇಕು. ಅವಳನ್ನು ಒಪ್ಪಿಸುವ ಕೆಲಸ ನನ್ನದು. ಆಯಿ ಹೇಗಿದ್ದಾಳೆ ಎಂಬ ಮಾತನ್ನು ಹುಡುಕಿದೆ. ಹಾಳೆಯನ್ನು ತಿರುಗಿಸಿಯೂ ನೋಡಿದೆ.

ಇರಲಿ. ಮೊದಲು ನೀನು ಕೇಳಿದ್ದನ್ನೇ ಹೇಳುತ್ತೇನೆ.

ಬಸ್ ಸ್ಟ್ಯಾಂಡಿನ ಎದುರು ರೇಡಿಯೋ ರಿಪೇರಿ ಮಾಡುತ್ತ ಕ್ಯಾಸೆಟ್ಟು ಮಾರುವ ಮೈಲಾರಪ್ಪನಿಗೆ ನಿನ್ನಿಂದ ದೊಡ್ಡ ತೊಂದರೆಯಾಗಿದೆ. “ಇದನ್ನ ಯಾವ ಸಾಲಿನ್ಯಾಗ ಇಡ್ಲಿರಿ ಅಕ್ಕೋರ? ಜಾನಪದ ಅನಬೇಕಂದ್ರ ಡ್ರಮ್ಮ ಬಡದಾರ. ಸಿನಿಮಾದ್ದು ಅನಬೇಕಂದ್ರ ಹೀರೋ ಇಲ್ಲ. ಭಾವಗೀತಿ ಅನಬೇಕಂದ್ರ ಎಲ್ಲಾ ತಿಳೀತೈತಿ!” ಎಂದ. ಕಡೆಗೆ ಭಕ್ತಿಗೀತೆಗಳ ಸಾಲಿನಲ್ಲಿ ಇಟ್ಟಿದ್ದಾನೆ. ಅಲ್ಲಿಂದ ಯಾರೂ ಕದಿಯುವುದಿಲ್ಲವಂತೆ. ಆದರೂ ತರಿಸಿದ್ದೆಲ್ಲ ಖರ್ಚಾಗಿ, ಮತ್ತೆ ತರಿಸಲು ಹುಬ್ಬಳ್ಳಿಗೆ ಹೇಳಿ ಕಳಿಸಿದ್ದಾನೆ.

ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಲಕ್ಷ್ಮಪ್ಪನವರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. “ಬೀಸೂ ಪದಕ್ಕ ಗಿಟಾರ ಹಚ್ಚೂದಂದ್ರ ಎತ್ತಿನ ಕೊಳ್ಳಾಗ ಟೈ ಕಟ್ಟಿಧಂಗ್ರಿ ಮೇಡಂ. ಎತ್ತಿಗೂ ಸುಖ ಇಲ್ಲ, ಟೈಗೂ ಮರ್ಯಾದಿ ಇಲ್ಲ.” ಎಲ್ಲರೂ ನಕ್ಕರು. ಹಾಡಿದವಳು ನಮ್ಮ ಹುಡುಗಿ ಎಂದು ಅವರಿಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಹೊದಿಕೆಯ ಮೇಲೆ ನೀನು “ಶಾರಿಕಾ” ಆಗಿದ್ದೀ. ಶಾರವ್ವ ಎಂಬ ಹೆಸರಿಗೆ ಏನಾಗಿತ್ತು?

ದುಂಡಸಿಯಿಂದ ದಿನಾ ಬಸ್ಸಿಗೆ ಬರುವ ಚೌಡವ್ವ ಎಂಬ ವಿದ್ಯಾರ್ಥಿನಿಯ ಮಾತನ್ನು ಬರೆಯದಿದ್ದರೆ ಅನ್ಯಾಯವಾದೀತು. “ನಮ್ಮವ್ವ ಮಾತಾಡಿಧಂಗ ಹಾಡ್ಯಾಳ್ರಿ ಮೇಡಂ. ಇಷ್ಟು ದಿನಾ ಹಾಡಿನ್ಯಾಗಿನ ಮಂದಿ ಎಲ್ಲಾರೂ ಬೆಂಗಳೂರವ್ರೇ ಇದ್ರು.” ಇದನ್ನು ಹೇಳುವಾಗ ಅವಳ ಮುಖ ಹೇಗೆ ಅರಳಿತ್ತು ಎಂದರೆ ನನಗೆ ಒಂದು ಗಳಿಗೆ ನಿನ್ನ ಮೇಲಿನ ಸಿಟ್ಟೆಲ್ಲ ಇಳಿಯಿತು. ಒಂದು ಗಳಿಗೆ ಮಾತ್ರ.

ಹೈವೇ ಬದಿಯ ಹೊಳಬಸಪ್ಪನ ಚಹಾದಂಗಡಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೂರನೆಯ ಹಾಡೇ. ಅದು ನಮ್ಮ ಓಣಿಯ ತನಕ ಕೇಳಿಸುತ್ತದೆ. ಅವನ ಅಭಿಪ್ರಾಯ ಹೀಗಿದೆ: “ದೇವರ ಪದಾ ಹಚ್ಚಿದ್ರ ಮಂದಿ ಕೈ ಮುಗದು ಹಂಗ ಹೋಗಿಬಿಡ್ತಿದ್ರು. ಇದನ್ನ ಹಚ್ಚಿದ್ರ ಕುಂತು ಚಾ ಕುಡೀತಾರ. ಹೊತ್ತೇರೇತಿ ಏಳ ಅಂತ ನಾ ಹೇಳೂದು ಬ್ಯಾಡ, ಆಕೀನ ಹೇಳ್ತಾಳ.” ಹಾನಗಲ್ಲ ಬಸ್ಸಿನ ಡ್ರೈವರ್ ಮೆಹಬೂಬ ಅಲ್ಲೇ ಕೂತಿದ್ದ. ಗಿಟಾರು ಬಂದ ಕೂಡಲೇ ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟು, “ಇಲ್ಲಿ ನೋಡ್ರಿ ಅಕ್ಕೋರ, ಇಲ್ಲೇ ಕರಳ ಹಿಡೀತೈತಿ” ಎಂದ. ಅವನೊಬ್ಬನೇ ಅಲ್ಲ. ನಾನು ಕೇಳಿದವರೆಲ್ಲ ಮೆಚ್ಚಿಕೊಂಡದ್ದು ಆ ಗಿಟಾರು ಬರುವ ಜಾಗವನ್ನೇ.

ಕಳೆದ ವಾರ ಸವಣೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಮದುಮಗಳಿಗೆ ಬಳೆ ಇಡಿಸುವಾಗ ಲೌಡ್‌ಸ್ಪೀಕರಿನಲ್ಲಿ ಇದೇ ಹಾಡು. ಹಸಿರು ಬಳೆ ಎಂದು ಬರುತ್ತದಲ್ಲ, ಯಾರಿಗೋ ಹೊಂದುತ್ತದೆ ಅನ್ನಿಸಿರಬೇಕು. ಆ ಹುಡುಗಿ ಕೈ ಚಾಚಿ ನಾಚಿಕೊಂಡು ನಗುತ್ತಿದ್ದಳು. ನಾನು ಊಟ ಮಾಡದೆ ಎದ್ದು ಬಂದೆ.

ಯಾಕೆ ಎಂದು ಕೇಳುತ್ತೀ. ಈಗ ಉಳಿದ ಒಬ್ಬಳ ಅಭಿಪ್ರಾಯಕ್ಕೆ ಬರಬೇಕು. ಇಷ್ಟು ಹೊತ್ತು ಊರಿನವರ ಮಾತು ಬರೆದದ್ದು ಅದನ್ನು ಮುಂದೂಡಲಿಕ್ಕೇ.

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮೂರನೆಯ ಹಾಡಿನ ಮುಂದೆ “ರಚನೆ: ಜನಪದ” ಎಂದು ಹಾಕಿಸಿದ್ದೀ. ಆ ಜನಪದ ನಮ್ಮ ಪಡಸಾಲೆಯಲ್ಲಿ ಕೂತಿದೆ, ಶಾರವ್ವ. ಅದರ ಹೆಸರು ಫಕ್ಕೀರವ್ವ. ಅದರ ಒಂದು ಕಣ್ಣಿಗೆ ಪೊರೆ ಬಂದಿದೆ. ತಂಬಾಕು ಮುಗಿದರೆ ನನ್ನನ್ನು ಬೈಯುತ್ತದೆ.

ಪೊಟ್ಟಣ ಬಂದ ದಿನ ಅವ್ವನನ್ನು ಹತ್ತಿರ ಕೂರಿಸಿಕೊಂಡು ಹಾಡು ಹಚ್ಚಿದೆ. ಮೊಮ್ಮಗಳ ದನಿ ಕೇಳಿ ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಮೊದಲಿನ ಎರಡು ಹಾಡಿಗೆ ತಲೆದೂಗಿದಳು. ಮೂರನೆಯದು ಶುರುವಾದ ಕೂಡಲೇ ಎದ್ದು ಹಿತ್ತಲಿಗೆ ಹೋಗಿ, ತುಂಬಿದ ಕೊಡದ ನೀರನ್ನು ಚೆಲ್ಲಿ ಮತ್ತೆ ತುಂಬತೊಡಗಿದಳು. ಯಾಕವ್ವ, ಹಾಡು ಸೇರಲಿಲ್ಲವೇ ಎಂದು ಕೇಳಿದೆ. “ಅದು ಹಾಡಲ್ಲ” ಎಂದಳು. ಅವಳ ಅಭಿಪ್ರಾಯ ಇಷ್ಟೇ. ದಿನವಿಡೀ ಕೆಲಸದ ನಡುವೆ ಏನಾದರೊಂದು ಗುನುಗುತ್ತಿದ್ದವಳು, ಆವತ್ತಿನಿಂದ ಅವಳ ಗುನುಗು ನಿಂತಿದೆ. ಹೊಳಬಸಪ್ಪನ ಅಂಗಡಿ ತೆರೆಯುವ ಹೊತ್ತಿಗೆ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂರುತ್ತಾಳೆ.

ನೀನು ಹುಟ್ಟಿದಾಗ ನಿನ್ನ ತಾಯಿ, ನನ್ನ ಅಕ್ಕ, ತೀರಿಕೊಂಡಳು ಎಂಬುದು ನಿನಗೆ ಗೊತ್ತು. ಉಳಿದದ್ದನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿಲ್ಲ. ನಾವು ಆಗ ದುಂಡಸಿಯಲ್ಲಿದ್ದೆವು. ಅಕ್ಕ ಬಸುರಿನ ಕುಬಸಕ್ಕೆ ಇಟ್ಟ ಹಸಿರು ಬಳೆ ತೊಟ್ಟು ಹೆರಿಗೆಗೆ ಬಂದಿದ್ದಳು. ನೋವು ಹೆಚ್ಚಾದಾಗ ಎತ್ತಿನ ಚಕ್ಕಡಿಯಲ್ಲಿ ಶಿಗ್ಗಾಂವದ ದವಾಖಾನೆಗೆ ಒಯ್ದೆವು. ಅದೇ ಚಕ್ಕಡಿಯಲ್ಲಿ ತಿರುಗಿ ಬಂದೆವು, ನೀನು ನನ್ನ ತೊಡೆಯ ಮೇಲೆ, ಅವಳು ನಮ್ಮ ಪಕ್ಕದಲ್ಲಿ. ನಮ್ಮ ಹೆಂಗಸರು ಸತ್ತವರ ಮುಂದೆ ಕೂತು ಹಾಡ್ಯಾಡಿ ಅಳುವುದನ್ನು ನೀನು ನೋಡಿದ್ದೀ. ಹೋದವರನ್ನು ಕರೆದು, ಅವರ ಸೀರೆ, ಬಳೆ, ನಡಿಗೆ ಎಲ್ಲವನ್ನೂ ಹೆಸರಿಸಿ, ಅಲ್ಲೇ ಮಾತು ಕಟ್ಟಿ ಅಳುತ್ತಾರೆ. ಅವ್ವ ಹೊತ್ತು ಏರುವ ತನಕ ಮಗಳ ಬಳೆ ಕೈ ಹಿಡಿದುಕೊಂಡು ಅತ್ತಳು. ಹೊತ್ತೇರಿತು, ಇನ್ನಾದರೂ ಏಳು ಎಂದು.

ಅದು ನಿನ್ನ ಮೂರನೆಯ ಹಾಡು.

ಮಣ್ಣು ಮಾಡಿ ಬಂದ ಮೇಲೆ ಹಿರಿಯರು ಅವಳ ಬಾಯಿ ಕಟ್ಟಿದರು. “ಹಸಗೂಸು ಇರೂ ಮನ್ಯಾಗ ಹಾಡ್ಯಾಡಿ ಅಳಬಾರ್ದು. ಕೂಸಿಗೆ ಒಳ್ಳೇದಲ್ಲ” ಎಂದರು. ಕೂಸು ಎಂದರೆ ನೀನು. ಅಳುವುದನ್ನು ಬಿಟ್ಟರೆ ಅವಳು ಉಳಿಯುತ್ತಿರಲಿಲ್ಲ, ಅತ್ತರೆ ನೀನು ಉಳಿಯುವುದಿಲ್ಲ ಎಂಬ ಹೆದರಿಕೆ. ಅವಳು ನಸುಕಿನಲ್ಲೆದ್ದು ಬೀಸುಕಲ್ಲಿನ ಮುಂದೆ ಕೂತಳು. ಬೀಸುವವಳು ಹಾಡಿದರೆ ಯಾರು ಬೇಡ ಎನ್ನುತ್ತಾರೆ? ಅಳುವಿನ ಎಳೆತವನ್ನೆಲ್ಲ ಕತ್ತರಿಸಿ, ಕಲ್ಲು ತಿರುಗುವ ಗತಿಗೆ ಅದನ್ನು ಹೊಂದಿಸಿಕೊಂಡಳು. ನೀನು ದಿನಾ ಅದನ್ನು ಕೇಳಿ ಎದ್ದು, ಅಂಬೆಗಾಲಿಟ್ಟು ಬಂದು, ಜೋಳದ ಹಿಟ್ಟಿನಲ್ಲಿ ಕೈ ಆಡಿಸುತ್ತಿದ್ದೆ. “ಆಯಿ ನನ್ನನ್ನು ಎಬ್ಬಿಸುತ್ತಿದ್ದ ಹಾಡು” ಎಂದು ಪತ್ರದಲ್ಲಿ ಬರೆದಿದ್ದೀ. ಅವಳು ಎಬ್ಬಿಸುತ್ತಿದ್ದದ್ದು ನಿನ್ನನ್ನಲ್ಲ.

ಬೆರಕೆ ಮಾಡಿದ್ದಾಳೆ ಎಂದು ನಿನ್ನನ್ನು ಆಡಿಕೊಳ್ಳುವವರಿಗೆ ನಾನು ಹೇಳಬೇಕೆಂದಿದ್ದೇನೆ. ಈ ಹಾಡಿಗೆ ಮೊದಲು ಬೆರಕೆ ಮಾಡಿದವಳು ಫಕ್ಕೀರವ್ವ. ಅವಳಿಗೆ ಅಳಲು ಬೇರೆ ಜಾಗವಿರಲಿಲ್ಲ, ಅದಕ್ಕೆ ಬೆರೆಸಿದಳು. ನಿನಗೆ ಚೆನ್ನಾಗಿ ಕೇಳಿಸಿತು, ಅದಕ್ಕೆ ಬೆರೆಸಿದೆ. ಗೊತ್ತಿಲ್ಲದೆ ಮಾಡಿದ್ದೀ ಎಂಬುದನ್ನು ಒಪ್ಪುತ್ತೇನೆ. ಆದರೆ ಕೇಳಬಹುದಿತ್ತಲ್ಲ? ಗಿಟಾರು ಬಾರಿಸುವವನನ್ನು ಎಷ್ಟು ಸಲ ಕೇಳಿರಬೇಕು, ಡ್ರಮ್ಮಿನವನನ್ನು ಎಷ್ಟು ಸಲ. ಆಯಿಗೆ ಒಂದು ಕಾರ್ಡು ಬರೆದು, ಇದು ಯಾವ ಹಾಡು ಎಂದು ಕೇಳಲಿಕ್ಕೆ ಏನಾಗಿತ್ತು?

ಆದ್ದರಿಂದ ಅವ್ವ ವೇದಿಕೆಗೆ ಬರುವುದಿಲ್ಲ. ನಾನು ಅವಳನ್ನು ಕೇಳುವುದೂ ಇಲ್ಲ. ಆ ಬೀಸುಕಲ್ಲು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕಿದೆ, ಅದನ್ನೂ ಕೊಡುವುದಿಲ್ಲ. ಕಾರ್ಯಕ್ರಮ ಮಾಡು, ಊರಿಗೆ ಊರೇ ಬರುತ್ತದೆ. ಮೂರನೆಯ ಹಾಡನ್ನು ಇಲ್ಲಿ ಹಾಡಬೇಡ ಎಂದು ಬರೆಯಲು ಹೊರಟೆ, ಆದರೆ ಅದರಿಂದ ಪ್ರಯೋಜನವೇನು? ಅದೀಗ ಹೊಳಬಸಪ್ಪನದು, ಮೆಹಬೂಬನದು, ಸವಣೂರಿನ ಮದುಮಗಳದು. ನಮ್ಮ ಕೈಗೆ ಅದು ತಿರುಗಿ ಬರುವುದಿಲ್ಲ.

ಗಿಟಾರು ಬರುವ ಜಾಗದಲ್ಲಿ ಏನಿತ್ತು ಎಂದು ಅವ್ವನನ್ನು ಕೇಳುವ ಧೈರ್ಯ ಮಾತ್ರ ನನಗಾಗಿಲ್ಲ. ಬೀಸುವಾಗ ಅಲ್ಲಿ ಅವಳು ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದಳು. ಕಲ್ಲು ಒಂದು ಸುತ್ತು ಬರಿದೇ ತಿರುಗುತ್ತಿತ್ತು. ಆಮೇಲೆ “ಏಳ” ಎನ್ನುತ್ತಿದ್ದಳು.

ಬರುವುದಾದರೆ ತಂಡವಿಲ್ಲದೆ, ಶಾರವ್ವನಾಗಿ ಬಾ.

ನಿನ್ನ ಚಿಗವ್ವ,
ಶಿವಗಂಗಾ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ. ಇವತ್ತು ಬೆಳಿಗ್ಗೆ ಅವ್ವ ತಾನಾಗಿಯೇ, “ಆ ಹುಡುಗೀದು ಹಚ್ಚ” ಎಂದಳು. ಹಚ್ಚಿದೆ. ಮೂರನೆಯ ಹಾಡಿಗೆ ಏಳಲಿಲ್ಲ. ಗಿಟಾರು ಬಂತು, ಅದರ ಮೇಲೆಯೇ ಅವ್ವ “ಕರೆವ್ವಾ” ಎಂದು ಕರೆದಳು. ನಿನ್ನ ತಾಯಿಯ ಹೆಸರು ಆ ಜಾಗದಲ್ಲಿ ಒಂದು ಚೂರೂ ಹೆಚ್ಚು ಕಡಿಮೆಯಿಲ್ಲದೆ ಕೂತಿತು. ಆಮೇಲೆ ಅವಳು ನಿಲ್ಲಿಸಲಿಲ್ಲ. ಡ್ರಮ್ಮು ತನ್ನ ಪಾಡಿಗೆ ಮುಂದೆ ಹೋಯಿತು. ಅವ್ವ ಕಾಲು ಚಾಚಿ, ಮೊಳಕಾಲು ಬಡಿದುಕೊಳ್ಳುತ್ತ, ಎಳೆದು ಎಳೆದು ಅತ್ತಳು. ಈಗ ಈ ಮನೆಯಲ್ಲಿ ಹಸುಗೂಸಿಲ್ಲವಲ್ಲ.

ಪಕ್ಕದ ಮನೆಯ ಮುಮ್ತಾಜಬೇಗಂ ಹಿಟ್ಟಿನ ಕೈಯಲ್ಲೇ ಓಡಿ ಬಂದು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಸ್ತಿಲ ಆಚೆ ನಿಂತರು. ಯಾರು ಹೋದರು ಎಂದು ಕೇಳಿದರು. ಯಾರೂ ಇಲ್ಲ, ನಮ್ಮ ಅಕ್ಕ, ಬಹಳ ವರ್ಷವಾಯಿತು ಎಂದೆ. ಅವರು ಒಳಗೊಮ್ಮೆ ನೋಡಿ, ಸ್ವಲ್ಪ ಹೊತ್ತು ಕಿವಿಗೊಟ್ಟು ಹೇಳಿದರು: “ಹಂಗಿದ್ರ ಆ ಟೇಪ ಬಂದ್ ಮಾಡ್ರಿ ಅಕ್ಕೋರ. ಆಯಿ ಅಳಾಕತ್ತಾಳ, ಅದರಾಗ ಕೇಳಸವಲ್ದು.”