ಉಳಿದ ಅರ್ಧ ಮೊಳ

ಶೈಲಾ,

ನೀನು ಮನೆ ಬಿಟ್ಟು ಮೂರು ವರ್ಷವಾಯಿತು. ಯಾವ ವಿಳಾಸಕ್ಕೆ ಕಳಿಸಬೇಕೆಂದು ತಿಳಿಯದೆಯೇ ಬರೆಯುತ್ತಿದ್ದೇನೆ.

ಶನಿವಾರ ಮಕ್ಕಳಿಬ್ಬರನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಸಫಾರಿಯಲ್ಲಿ ಹುಲಿ ಮಲಗಿಯೇ ಇತ್ತು. ಅದನ್ನು ಎಬ್ಬಿಸಿ ಎಂದು ಚಿರಂತ್ ಡ್ರೈವರನ್ನು ಪೀಡಿಸಿದ. ಮಕ್ಕಳು ಹಟ ಹಿಡಿದರೆಂದು ರಾತ್ರಿ ಅಲ್ಲೇ ಲಾಡ್ಜಿನಲ್ಲಿ ಉಳಿದೆವು. ಭಾನುವಾರ ಹೊರಡುವಾಗ ಬಸ್ ಸ್ಟ್ಯಾಂಡಿನಲ್ಲಿ ಇಂಚರಾಗೆಂದು ಒಂದು ಮೊಳ ಮಲ್ಲಿಗೆ ಕೊಂಡೆ. ಹೂವಿನಾಕೆ ಅಳೆಯುತ್ತಿದ್ದಂತೆ, ‘ಎರಡು ತುಂಡು ಮಾಡಮ್ಮಾ’ ಎಂದುಬಿಟ್ಟೆ. ನೀನಿದ್ದಾಗ ಹಾಗೇ ತಾನೆ, ಅರ್ಧ ಅವಳಿಗೆ, ಅರ್ಧ ನಿನಗೆ. ನನಗೆ ಮುಡಿಸಲು ಬರದೆ ಆಕೆಯೇ ಮುಡಿಸಿದಳು.

ಉಳಿದ ತುಂಡನ್ನು ಇಂಚರಾ ಭದ್ರಾವತಿಯವರೆಗೂ ಅಂಗೈಯಲ್ಲಿ ಹಿಡಿದುಕೊಂಡು ಬಂದಳು. ಮನೆಗೆ ಬಂದವಳೇ ಸ್ಟೂಲ್ ಹತ್ತಿ ನಿನ್ನ ಫೋಟೋಕ್ಕೆ ಹಾಕಹೊರಟಳು.

‘ಬೇಡ ಕಣೇ, ಬದುಕಿರೋರ ಫೋಟೋಗೆ ಹೂ ಹಾಕ್ಬಾರ್ದು,’ ಎಂದೆ.

ಅವಳು ಸ್ಟೂಲಿನ ಮೇಲಿಂದಲೇ ತಿರುಗಿ ಕೇಳಿದಳು, ‘ಅಮ್ಮ ಬದುಕಿದಾಳೆ ಅಂತ ನಿಂಗ್ಯಾರು ಹೇಳಿದ್ರು?’

ನೀನು ಬ್ಯಾಗ್ ಹಿಡಿದು ಹೊರಟಾಗ, ಎಲ್ಲಿಗೆ ಎಂದೂ ಕೇಳದೆ ಟಿವಿ ನೋಡುತ್ತಾ ಕೂತಿದ್ದವನು ನಾನು.

ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಎರಡು ದಿನ ತಡೆಯಬಹುದು. ಆಮೇಲೆ ಅದನ್ನು ಎಲ್ಲಿಡಲಿ?