ಜೊತೆಗೆ ಕೂರುವವರ ಹೆಸರು

ಮನೆಯಿಂದ,
೭ನೇ ತಾರೀಖು, ಮಂಗಳವಾರ

ನನ್ನ ಪುಟ್ಟೀ,

ಹೇಗಿದ್ದೀಯೆ ಮಗಳೇ? ನಿದ್ದೆ ಬರುತ್ತಿದೆಯಾ? ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀಯಾ? ಫೋನಿನಲ್ಲಿ "ಹೂಂ ಅಮ್ಮ, ಹೂಂ" ಎಂದು ಎರಡೇ ಮಾತಿಗೆ ಮುಗಿಸುತ್ತೀಯೆ, ಅದಕ್ಕೇ ಕಾಗದ ಬರೆಯಲು ಕೂತೆ. ನಾನು ಚೆನ್ನಾಗಿದ್ದೇನೆ. ಹೊಲಿಗೆ ಮೆಷಿನ್ನಿನ ಬೆಲ್ಟು ಮತ್ತೆ ಸಡಿಲವಾಗಿದೆ. ನಿಮ್ಮಪ್ಪನ ಬಾಯಿ ಮಾತ್ರ ಬಿಗಿಯಾಗಿದೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನನಗೆ ಹೊಟ್ಟೆಕಿಚ್ಚಾಗಿದೆ ಕಣೇ. ಮುಂದಿನ ಗುರುವಾರದ ವಿಚಾರಣೆಗೆ ಕೊಟ್ಟ ಅರ್ಜಿಯ ನಕಲು ಕಳಿಸಿದ್ದೀಯಲ್ಲ, ಅದರಲ್ಲಿ "ಜೊತೆಗೆ ಕೂರುವವರ ಹೆಸರು" ಎಂಬಲ್ಲಿ ಒಬ್ಬರಿಗಷ್ಟೇ ಜಾಗ. ಅಲ್ಲಿ ನೀನು ನಿಮ್ಮ ಯೂನಿವರ್ಸಿಟಿ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಹೆಂಗಸಿನ ಹೆಸರು ಬರೆದಿದ್ದೀಯೆ. ಹೋಗಲಿ ಅಂದುಕೊಂಡೆ. ಆದರೆ ಜೊತೆಗಿಟ್ಟ ಚೀಟಿಯಲ್ಲಿ ಅವಳನ್ನು "ಲೈಬ್ರರಿ ಅಮ್ಮ" ಎಂದಿದ್ದೀಯಲ್ಲ! ಆಂಟಿ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ, ಅಕ್ಕ ಅಂದಿದ್ದರೂ ಸರಿ. ಒಂಬತ್ತು ತಿಂಗಳು ಹೊತ್ತವಳು ನಾನು. ಎರಡು ತಿಂಗಳ ಪರಿಚಯಕ್ಕೆ ಅವಳೂ ಅಮ್ಮನೇ?

ನೀನು ಕಳಿಸಿದ ಫೋಟೋದಲ್ಲಿ ಹೊದ್ದಿರುವ ಶಾಲೂ ಅವಳದೇ ಅಂತೆ. ನೋಡಿದೆ, ನೋಡಿದೆ. ಅಂಚು ಮಡಿಸಿ ಹೊಲಿದೇ ಇಲ್ಲ, ಎರಡು ಸಲ ಒಗೆದರೆ ನೂಲೆಲ್ಲ ಬಿಚ್ಚಿಕೊಳ್ಳುತ್ತದೆ. ನಿಯಮದ ಪುಸ್ತಕ ತೆಗೆದು ಗೆರೆ ಎಳೆದು ಕೊಟ್ಟವಳೂ ಅವಳೇ. ಆ ಲ್ಯಾಬಿನ ಮೇಷ್ಟ್ರ ಎದುರಿಗೆ ಕೂರಬೇಕಾಗಿಲ್ಲವಂತೆ, ಯಾವ ಬಟ್ಟೆ ಹಾಕಿದ್ದೆ ಎಂದು ಯಾರೂ ಕೇಳುವಂತಿಲ್ಲವಂತೆ, ಪರೀಕ್ಷೆಯನ್ನೂ ಮುಂದಕ್ಕೆ ಹಾಕಿಸಿಕೊಳ್ಳಬಹುದಂತೆ. ಅಬ್ಬಬ್ಬಾ, ಎಷ್ಟು ತಿಳಿದವಳು! ಎರಡು ದಿನ ಮೂಗು ಮುರಿಯುತ್ತಲೇ ಓಡಾಡಿದೆ. ಅದೇ ಸಿಟ್ಟಿನಲ್ಲಿ ಗಿರಾಕಿಯೊಬ್ಬರ ಅಂಗಿಗೆ ಎರಡೂ ಎಡಗೈ ತೋಳೇ ಹೊಲಿದಿಟ್ಟೆ.

ತೋಳು ಬಿಚ್ಚುತ್ತಾ ಕೂತಾಗ ನೆನಪಾಯಿತು. ಆ ಮೇಷ್ಟ್ರು ಲ್ಯಾಬಿನ ಬಾಗಿಲು ಹಾಕಿ ನಿನ್ನ ಮೇಲೆ ಬಿದ್ದದ್ದನ್ನು ನೀನು ಮೊದಲು ಹೇಳಿದ್ದು ನನಗೇ. ಅಳುತ್ತಾ ಫೋನ್ ಮಾಡಿದ್ದೆ. ನಾನು ಕೇಳಿದ್ದು, "ಒಬ್ಳೇ ಯಾಕೆ ಹೋದೆ ಅಲ್ಲಿಗೆ?" ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ಲೈಬ್ರರಿ ಮೆಟ್ಟಿಲ ಮೇಲೆ ಕೂತಿದ್ದಾಗ ಅವಳು ಬಂದು "ನೀರು ಬೇಕೇನಮ್ಮಾ?" ಎಂದಳು ಅಂತ ನಿನ್ನ ಚೀಟಿಯಲ್ಲಿದೆ. ಅಷ್ಟು ಕೇಳಲು ನನಗೂ ಬರುತ್ತಿತ್ತಲ್ಲೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಜಾಗವನ್ನು ಅವಳು ಕಿತ್ತುಕೊಳ್ಳಲಿಲ್ಲ, ನಾನೇ ಎದ್ದು ಬಂದೆ. ಅದು ಗೊತ್ತಾದ ಮೇಲೆ ಉರಿ ಇನ್ನೂ ಜಾಸ್ತಿಯಾಗಿದೆ.

ಶಾಲು ವಾಪಸು ಕೊಡಬೇಡ, ಬೆಚ್ಚಗಿರು. ಅಂಚು ನಾನು ಹೊಲಿದುಕೊಡುತ್ತೇನೆ. ನಿನಗೆ ಒಳ್ಳೆಯದಾಗಲಿ ಕಂದಾ. ಗುರುವಾರ ನಿನ್ನ ದನಿ ನಡುಗದಿರಲಿ, ನಡುಗಿದರೂ ನಿಲ್ಲದಿರಲಿ.

ನಿನ್ನ,
ಹೆತ್ತ ಅಮ್ಮ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಹೇಳದೆ ವಿಧಿಯಿಲ್ಲ. ನಿನ್ನೆ ನಿಮ್ಮ ಯೂನಿವರ್ಸಿಟಿ ಕಚೇರಿಯಿಂದ ಪೋಷಕರಿಗೆ ಅಂತ ಒಂದು ರಾಜಿ ಕಾಗದ ಬಂತು. ಮೇಷ್ಟ್ರು ಕ್ಷಮೆ ಕೇಳುತ್ತಾರಂತೆ, ನಾವು ಸಹಿ ಹಾಕಿದರೆ ವಿಚಾರಣೆಯೇ ಇಲ್ಲವಂತೆ. "ಮರ್ಯಾದೆ ಉಳಿಯುತ್ತೆ, ಹಾಕ್ಬಿಡು" ಎಂದರು ನಿಮ್ಮಪ್ಪ. ಹಾಕಿಬಿಟ್ಟೆ ಪುಟ್ಟೀ. ಹಾಕಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಅರ್ಜಿಯಲ್ಲಿದ್ದ ನಂಬರಿಗೆ, ಆ ಲೈಬ್ರರಿಯವಳಿಗೇ, ಫೋನ್ ಮಾಡಿದೆ. "ರಾಜಿ ಬೇಕೋ ಬೇಡ್ವೋ ಅನ್ನೋ ಹಕ್ಕು ನಿಮ್ಮ ಮಗಳೊಬ್ಬಳದೇ ಅಮ್ಮಾ. ನಿಮ್ದೂ ಅಲ್ಲ, ನಂದೂ ಅಲ್ಲ" ಎಂದರು. ನನ್ನನ್ನೂ ಅಮ್ಮ ಅಂದರು ನೋಡು! ಬಟ್ಟೆ ಕತ್ತರಿಗೆ ಕಾಗದ ತಾಗಿಸಬೇಡ ಎಂದು ನಿನ್ನನ್ನು ಎಷ್ಟು ಸಲ ಬೈದಿದ್ದೇನೆ. ಅದೇ ಕತ್ತರಿಯಿಂದ ನನ್ನ ಸಹಿಯನ್ನು ಕತ್ತರಿಸಿ ತೆಗೆದೆ. ಉಳಿದ ಕಾಗದ ಇದರೊಳಗಿದೆ, ಏನು ಮಾಡಬೇಕೋ ನೀನೇ ಮಾಡು. ಗುರುವಾರ ಬರುತ್ತೇನೆ. ಒಳಗೆ ನಿನ್ನ ಪಕ್ಕ ಅವರೇ ಕೂರಲಿ. ನಾನು ಹೊರಗೆ ಬೆಂಚಿನ ಮೇಲೆ ನೀರಿನ ಬಾಟಲಿ ಹಿಡಿದುಕೊಂಡು ಕೂತಿರುತ್ತೇನೆ. ಏನೂ ಕೇಳುವುದಿಲ್ಲ. ಬಾಗಿಲು ತೆಗೆದಾಗ ಮೊದಲು ನನ್ನ ಕಡೆ ನೋಡು, ಅಷ್ಟು ಸಾಕು.